ಕತ್ತಿನ ಏಳನೇ ಗಂಟು

ಯೂರಿಯಾ ಚೀಲದಲ್ಲಿ ಬಂದಿತ್ತು ಅದು,
ಸೀನಿಯರ್ ಅನ್ವಿತಾಳಿಂದ, ಆರು ಸಾವಿರಕ್ಕೆ,
ಅರ್ಧ ಮನುಷ್ಯ.
ಎಡಗೈ, ಎಡಗಾಲು, ದಾರಕ್ಕೆ ಪೋಣಿಸಿದ ಬೆನ್ನು,
ಪಕ್ಕೆಲುಬು ಹನ್ನೊಂದೇ.
ಇನ್ನೊಂದೆಲ್ಲಿ ಅಂದರೆ
'ನಾನು ತಗೊಂಡಾಗಲೂ ಅಷ್ಟೇ ಇತ್ತು ಕಣೇ' ಅಂದಳು.

ದುರ್ಗಿಗುಡಿಯ ಓಣಿಯಲ್ಲಿ ಹತ್ತಡಿ ಅಂಗಡಿ,
ಹಿಂದೆ ಹತ್ತಡಿ ಮನೆ, ನಡುವೆ ಹೂವಿನ ಪರದೆ.
ಆಚೆ ಆಯಿಯ ಹೊಲಿಗೆ ಮಿಷನ್ನು,
ಈಚೆ ನಾನು, ಮಡಿಲಲ್ಲಿ ತೊಡೆಮೂಳೆ,
ಗ್ರೇಟರ್ ಟ್ರೊಕ್ಯಾಂಟರ್ ಲೆಸ್ಸರ್ ಟ್ರೊಕ್ಯಾಂಟರ್
ಮಿಷನ್ನಿನ ಲಯಕ್ಕೇ ಉರುಹೊಡೆಯುತ್ತ,
ಅದು ನಿಂತಾಗೆಲ್ಲ ಮರೆಯುತ್ತ.

ಮೂರು ದಿನ ಮಂಚದಡಿ ಬಚ್ಚಿಟ್ಟೆ.
ನಾಲ್ಕನೇ ದಿನ ಕಸಪೊರಕೆಗೆ ತಾಗಿತು.
ಕಿರುಚಲಿಲ್ಲ. ಚೀಲದ ಬಾಯಿ ಬಿಚ್ಚಿ
ತುಸು ಹೊತ್ತು ಸುಮ್ಮನೆ ಕೂತು,
'ಗಂಡೋ ಹೆಣ್ಣೋ?' ಅಂದಳು.
ಗೊತ್ತಿಲ್ಲ ಅಂದೆ. ಆ ಪಾಠ ಇನ್ನೂ ಆಗಿರಲಿಲ್ಲ.

ಕೊರಳಿನ ಟೇಪು ಇಳಿಸಿ
ತೋಳಿನ ಮೂಳೆಗೆ ಹಿಡಿದಳು: ಹನ್ನೊಂದೂವರೆ.
ಮುಂಗೈಗೆ: ಒಂಬತ್ತು.
'ಫುಲ್ ತೋಳಿಗೆ ಇಪ್ಪತ್ತೊಂದು ಇಡಬೇಕು,
ಮೊಣಕೈ ಮಡಚಿದರೆ ಮೇಲೇರುತ್ತೆ.
ಹೆಣ್ಣೇ ಇರಬೇಕು. ಸಣ್ಣ ಆಳು.'
ಆರ್ಡರ್ ಪುಸ್ತಕ ತೆಗೆದು ಬರೆದೂ ಬಿಟ್ಟಳು,
ಮೇಷ್ಟರ ಹೆಂಡತಿಯ ಎರಡು ರವಿಕೆಯ ಕೆಳಗೆ,
ಹೆಸರಿನ ಜಾಗದಲ್ಲಿ ಒಂದು ಗೆರೆ,
ಕೊಡುವ ದಿನದ ಜಾಗದಲ್ಲೂ.
ಯಾಕೆ ಆಯಿ ಅಂದರೆ
'ಅಳತೆ ತಗೊಂಡ ಮೇಲೆ ಬರೀದೆ ಇರ್ತಾರಾ?'

ಆಮೇಲೆ ನನ್ನನ್ನೇ ನಿಲ್ಲಿಸಿದಳು.
'ತಲೆ ಬಗ್ಗಿಸು.'
ಕತ್ತಿನ ಬುಡದಲ್ಲಿ ಬೆರಳು, ತಣ್ಣಗೆ, ಸೀಮೆಸುಣ್ಣದ ಪುಡಿ.
'ಇಗೋ ಈ ಗಂಟು. ಇಲ್ಲಿಂದ ಶುರು.
ಮೈ ದೀಪಾವಳಿಗೆ ಒಂದು ಅಳತೆ, ಯುಗಾದಿಗೆ ಒಂದು.
ಇದು ಮಾತ್ರ ಜಾಗ ಬಿಡಲ್ಲ.'
ಅಲ್ಲಿಂದ ಹೆಗಲ ತುದಿಗೆ ಜಾರಿತು ಬೆರಳು:
'ತೋಳು ಕೂರೋದು ಇಲ್ಲಿ. ಅರ್ಧ ಇಂಚು ಆಚೆ ಹೋದ್ರೂ
ಯಾರದೋ ಬಟ್ಟೆ ಹಾಕ್ಕೊಂಡ ಹಾಗೆ ಕಾಣುತ್ತೆ.'
ಸೊಂಟ?
'ಸೊಂಟ ಅಂದ್ರೆ ಸೀರೆ ಸಿಕ್ಕಿಸೋ ಜಾಗ ಅಲ್ವೇ,
ಕೈ ಇಟ್ಟು ಜಗಳಕ್ಕೆ ನಿಲ್ತೀವಲ್ಲ, ಆ ಅಂಚು.'

ಪುಸ್ತಕ ತಿರುವಿದೆ. ಇತ್ತು, ಅದೇ ಅಂಚು,
ಬಾಣದ ಗುರುತು, ಲ್ಯಾಟಿನ್ ಹೆಸರು.
ಜಗಳದ ಮಾತು ಇರಲಿಲ್ಲ.

ಆ ವಾರ ಉಳಿಕೆ ತುಂಡುಗಳಲ್ಲಿ ಒಂದು ಚೀಲ ಹೊಲಿದಳು,
ಒಳಗೆ ಲೈನಿಂಗು, ಕೈಗೊಂದು ಖಾನೆ, ಕಾಲಿಗೊಂದು,
ಪಕ್ಕೆಲುಬಿಗೆ ಸಾಲಾಗಿ ಹನ್ನೆರಡು.
ಹನ್ನೊಂದೇ ಇರೋದು ಅಂದೆ.
'ಇರ್ಲಿ' ಅಂದಳು, ಹಲ್ಲಲ್ಲಿ ದಾರ ಕತ್ತರಿಸುತ್ತ.

ಸಾಗರ ರಸ್ತೆಯ ಕಾಲೇಜಿನಲ್ಲಿ ವೈವಾ.
ಪೂರ್ಣಾನಂದ ಸರ್ ಕನ್ನಡಕದ ಮೇಲಿಂದ:
'ಸೆವೆಂತ್ ಸರ್ವೈಕಲ್ ತೋರಿಸಮ್ಮ, ನಿನ್ನ ಮೈಮೇಲೇ.'
ಬಾಯಿ ಒಣಗಿತ್ತು. ಕೈ ತಾನೇ ಹೋಯಿತು ಹಿಂದಕ್ಕೆ.
ಹೆಗಲ ತುದಿ. ಸೊಂಟದ ಅಂಚು.
ಅಲ್ಲಿ ಕೈ ಇಟ್ಟು ನಿಂತೇ ಬಿಟ್ಟೆ,
ಸರ್ ನಕ್ಕರು: 'ಜಗಳಕ್ಕೆ ಬಂದಿದ್ದೀಯಾ?'
ಮಣಿಕಟ್ಟಿನ ಎಂಟು ಚೂರುಗಳಲ್ಲಿ ಮಾತ್ರ
ಐದಕ್ಕೇ ನಿಂತೆ. ಮೂರು ಹೋದವು.

ಮನೆಗೆ ಬಂದು ಹೇಳಿದೆ.
'ಮಣಿಕಟ್ಟು ನಂಗೂ ಗೊತ್ತಿಲ್ಲ,
ಅದು ಬಳೆಗಾರನ ಕೆಲಸ.'

ರಾತ್ರಿ ಹನ್ನೊಂದು. ನಾಳೆ ಮದುವೆಯ ಆರು ರವಿಕೆ.
ಬಲ್ಬಿನ ಕೆಳಗೆ ಬಗ್ಗಿದ ಆಯಿಯ ಕತ್ತು,
ಕೂದಲು ಮೇಲೆತ್ತಿ ಪಿನ್ನು ಚುಚ್ಚಿದ್ದಾಳೆ.
ಆ ಗಂಟು, ಇಪ್ಪತ್ತಾರು ವರ್ಷದ ಮಿಷನ್ನು ಹೊರಗೆ ತಳ್ಳಿದ್ದು,
ನನ್ನದಕ್ಕಿಂತ ಚೀಲದವಳದಕ್ಕಿಂತ ದೊಡ್ಡದು.
ಅದರ ಕೆಳಗೆ ಒಂದು, ಎರಡು, ಮೂರರವರೆಗೆ ಎಣಿಸಿದೆ,
ಮುಂದಿನವು ಬಟ್ಟೆಯೊಳಗೆ.

'ಏನೇ ಅದು, ನೋಡೋದು?' ತಿರುಗದೇ ಕೇಳಿದಳು.
ಏನಿಲ್ಲ ಆಯಿ,
ಓದ್ತಾ ಇದ್ದೀನಿ.