ಏಳನೇ ಬಟ್ಟಲು

ಎಮ್ಡನ್ನಿನಲ್ಲಿ ಗಾಳಿಗೆ ರಜೆಯಿಲ್ಲ.
ಅಪ್ಪನಿಗೆ ಕಾರು ಕಾರ್ಖಾನೆಯ ರಾತ್ರಿ ಪಾಳಿ,
ನನಗೆ ಎಂಟು ವರ್ಷ, ಬಾಯಲ್ಲಿ
ಶಾಲೆಯಿಂದ ತಂದ ಅರ್ಧಂಬರ್ಧ ಜರ್ಮನ್.
ಕೆಳಮನೆಯ ಹಿಸ್ಕೆ ಅವ್ವನನ್ನು ಚಹಕ್ಕೆ ಕರೆದಾಗ
ದುಭಾಷಿಯಾಗಿ ಹೋದವಳು ನಾನೇ.

ನಮ್ಮ ಮನೆಯಲ್ಲೂ ಚಹ ಒಂದೇ ಅಲ್ಲ.
ಅವ್ವ ರಿಝೆಯವಳು, ಚಹದ ಗುಡ್ಡಗಳ ಮಗಳು.
ಕೆಟಲಿನ ಮೇಲೆ ಕೆಟಲು ಕೂರಿಸಿ
ಗ್ಲಾಸಿನ ಸಣ್ಣ ನಡು ಹಿಡಿದು
ಕಿಟಕಿಯ ಬೆಳಕಿಗೆ ಎತ್ತಿ ನೋಡುವಳು,
ಮೊಲದ ನೆತ್ತರಿನ ಬಣ್ಣ ಬಂತೇ ಎಂದು.
ಅಪ್ಪ ಎರ್ಝುರುಮಿನ ಹಿಮದವನು.
ಸಕ್ಕರೆ ಕಲಸಿದರೆ ಎರಡೂ ಹಾಳು ಎನ್ನುವನು;
ಗಟ್ಟಿ ಹರಳೊಂದನ್ನು ಹಲ್ಲಿನಲ್ಲಿ ಕಚ್ಚಿ
ಅದರ ಸಂದಿಯಿಂದಲೇ ನಾಲ್ಕು ಗ್ಲಾಸು ಇಳಿಸುವನು.
ಈ ಒಂದು ಜಗಳ ಮದುವೆಯ ದಿನದಿಂದ ಆರಿಲ್ಲ.

ಹಿಸ್ಕೆಯದು ಬೇರೆಯೇ ದಾರಿ.
ಮೊಟ್ಟೆಯ ಚಿಪ್ಪಿನಂಥ ಪಿಂಗಾಣಿ, ಅದರ ತಳಕ್ಕೆ
ಒಂದು ಕಲ್ಲುಸಕ್ಕರೆ. ಬಿಸಿ ಬಿದ್ದೊಡನೆ
ಚಿಟಿಲ್ ಎಂದು ಸೀಳಿತು.
ಬಟ್ಟಲೇ ಒಡೆಯಿತೆಂದು ಅವ್ವ ಹೌಹಾರಿದಳು.
ಆಮೇಲೆ ಪುಟ್ಟ ಸೌಟಿನಿಂದ ಅಂಚಿಗೆ ಕೆನೆ,
ಗಡಿಯಾರದ ಎದುರು ಸುತ್ತು:
"ಕುಡಿಯುವಷ್ಟು ಹೊತ್ತಾದರೂ ಕಾಲ ನಿಲ್ಲಲಿ."
ತಳ ಮುಟ್ಟಿದ ಕೆನೆ ಮೋಡವಾಗಿ ಮೇಲೆದ್ದಿತು.
ಅವ್ವ ಚಮಚ ಎತ್ತಿದಳು. ಹಿಸ್ಕೆ ಹುಬ್ಬೆತ್ತಿದಳು.
ಕಲಕಬಾರದು ಎಂಬುದನ್ನು ನಾನು ಅನುವಾದಿಸಬೇಕಾಗಲಿಲ್ಲ.
ಮೊದಲು ಕೆನೆ, ನಡುವೆ ಕಹಿ, ಕಡೆಗೆ ಸಿಹಿ,
ತುಟಿಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

"ಮೂರು ಬಟ್ಟಲು ನಮ್ಮ ಕಡೆ ಹಕ್ಕು, ನಾಜಿರೆ."
ಆಯಿತು, ಮೂರು. ಅವ್ವ ನಮ್ಮೂರಿನಂತೆ
ಚಮಚವನ್ನು ಬಟ್ಟಲ ಮೇಲೆ ಅಡ್ಡ ಇಟ್ಟಳು:
ಇನ್ನು ಸಾಕು.
ಹಿಸ್ಕೆ ಅದನ್ನು ಮೆಲ್ಲಗೆ ಬದಿಗೆ ಸರಿಸಿ
ಕಲ್ಲುಸಕ್ಕರೆ ಹಾಕಿದಳು, ಸುರಿದಳು.
ನಾಲ್ಕು. ಅಡ್ಡ ಇಟ್ಟಳು, ಸರಿಸಿದಳು.
ಐದಕ್ಕೆ ಅವ್ವನ ಹಣೆಯಲ್ಲಿ ಬೆವರು.
"ಪಾಪ, ಈಕೆಗೆ ಬೇರೆ ನೆಂಟರೇ ಇಲ್ಲವೇನೋ,"
ಎಂದಳು ನಮ್ಮ ಮಾತಿನಲ್ಲಿ.
"ನಿಮ್ಮೂರಲ್ಲಿ ನೀರಿಗೆ ಬರವೇ?" ಎಂದಳು ಹಿಸ್ಕೆ.
ಎರಡನ್ನೂ ನಾನು
"ಚಹ ಚೆನ್ನಾಗಿದೆಯಂತೆ" ಎಂದು ದಾಟಿಸಿದೆ.

ಸಾಕು ಎನ್ನುವ ಜರ್ಮನ್ ಪದ ನನಗೆ ಬರುತ್ತಿತ್ತು.
ಆದರೆ ಇನ್ನೊಬ್ಬರ ಮನೆಯಲ್ಲಿ ಬಾಯಿ ಬಿಟ್ಟು
ಹಾಗೆನ್ನಬಾರದೆಂದು ಕಲಿಸಿದವಳು ಅವ್ವನೇ.

ಏಳನೆಯದು ಮುಗಿದಾಗ ಅವ್ವನ ಕೈ ನಡುಗಿ
ಚಮಚ ಬಟ್ಟಲೊಳಗೇ ಜಾರಿತು. ಟಿಣ್.
ತಕ್ಷಣ ಹಿಸ್ಕೆ ಕೆಟಲಿಗೆ ಉಣ್ಣೆಯ ಟೊಪ್ಪಿಗೆ ಹಾಕಿದಳು:
"ಒಳಗಿಡಲು ಇಷ್ಟು ಹೊತ್ತು ಬೇಕಾಯಿತೇ, ತಾಯಿ!
ನನ್ನ ಕೆನೆಯೂ ಮುಗಿದಿತ್ತು."

ಮುಂದಿನ ಶುಕ್ರವಾರ ಆಕೆ
ಮೊಣಕಾಲು ಹಿಡಿದು ನಮ್ಮ ಮಹಡಿ ಹತ್ತಿದಳು.
ಮೂರನೇ ಗ್ಲಾಸು ಮುಗಿಸಿ
ಚಮಚವನ್ನು ಅದರೊಳಗೆ ನೆಟ್ಟಗೆ ನಿಲ್ಲಿಸಿದಳು.
ಅವ್ವ ನನ್ನ ಮುಖ ನೋಡಿದಳು.
ನಾನು ಕಿಟಕಿಯ ಹೊರಗಿನ ಗಾಳಿ ನೋಡಿದೆ.
ಗೊತ್ತಿದ್ದೂ ಗೊತ್ತಿದ್ದೂ
ಅವ್ವ ಸುರಿದಳು.