ಎಡಗಡೆಯ ಗೋಡೆ

ವೂಚ್ ಊರಿನ ಹಳೇ ನೂಲಿನ ಗಿರಣಿ,
ಮೂರನೇ ಮಹಡಿ. ಮಗ್ಗಗಳು ಹೋದಮೇಲೆ
ಬಾಡಿಗೆಗೆ ಸಿಕ್ಕ ಮೂಲೆಯಲ್ಲಿ ನನ್ನ ಸ್ಟುಡಿಯೋ:
ಎರಡು ಸ್ಪೀಕರು, ಒಂದು ಹೀಟರು,
ಒಳಗೆಲ್ಲ ಸ್ಪಂಜು ಹೊದ್ದ ಒಂದು ಗೂಡು.
ಆ ಗೂಡಿನಲ್ಲಿ ಚಪ್ಪಾಳೆ ತಟ್ಟಿದರೆ
ಕೈಯಿಂದ ಹೊರಟ ಸದ್ದು ಕೈಯಲ್ಲೇ ಸಾಯುತ್ತದೆ.

ಜೆನೋನ್ ಪ್ಯೆತ್ಶಾಕ್ ಅಲ್ಲಿ ಕೂತು ನುಡಿಸಿದ್ದು ಮಂಗಳವಾರ.
ಎಪ್ಪತ್ತೊಂದು ವಯಸ್ಸು, ಹುಟ್ಟು ಕುರುಡ,
ಎದೆಗೆ ಕೂಸಿನಂತೆ ಅವಚಿದ ಅಕಾರ್ಡಿಯನ್.
ಬರುವಾಗ ಮೆಟ್ಟಿಲ ತುಂಬ ನಾಲಿಗೆಯಿಂದ ಲೊಚ್ ಲೊಚ್.
ತಿರುವಿನಲ್ಲಿ ನಿಂತು,
"ಇಲ್ಲೊಂದು ಕಿಟಕಿ ಮುಚ್ಚಿದ್ದೀರಿ, ಇಟ್ಟಿಗೆ ಹೊಸದು" ಅಂದ.
ಹೌದು. ಹೋದ ವರ್ಷ.

ಈಗ ಗುರುವಾರ. ಕೇಳಿಸುತ್ತಿದ್ದೇನೆ.
ನನಗೆ ತಿಳಿದ ಮರ್ಯಾದೆಯೆಲ್ಲ ಮಾಡಿದ್ದೆ:
ರಿವರ್ಬ್ ಪೆಟ್ಟಿಗೆಯಲ್ಲಿ ದೊಡ್ಡದೊಂದು ಚರ್ಚು ಆರಿಸಿ,
ನಾಲ್ಕು ಸೆಕೆಂಡಿನ ಬಾಲ ಕಟ್ಟಿ,
ಮುದುಕನ ಪೋಲ್ಕಾವನ್ನು ಬಿಷಪ್ಪನ ಹಾಗೆ ನಡೆಸಿದ್ದೆ.

ಅವನು ಕೇಳಿದ. ಮೂಗು ಸೀಟಿ ಕರವಸ್ತ್ರ ಮಡಿಸಿದ.
"ಹಲೀನಾ, ನನ್ನನ್ನು ತಂದು ಎಲ್ಲಿ ಇಟ್ಟಿದ್ದೀ?
ಚಾವಣಿ ಇದೆ, ಗೋಡೆಯೇ ಇಲ್ಲ.
ಬಾಲ ಇದೆ, ದನ ಎಲ್ಲಿ?"

ಬಾಲ ಕತ್ತರಿಸಿದೆ. ಸೊನ್ನೆ.
ಉಳಿದದ್ದು ಮೊದಲ ಮರುದನಿಗಳು ಮಾತ್ರ,
ಗೋಡೆಗೆ ತಾಗಿದ್ದೇ ತಡ ಓಡಿ ಬಂದು
ಕಿವಿಗೆ ವರದಿ ಒಪ್ಪಿಸುವ ಆ ಏಳೆಂಟು ಚೂರು ಸದ್ದು.
ಕಾಣುವವರು ಇವನ್ನು ಕೇಳುವುದೇ ಇಲ್ಲ;
ನಮಗೆ ಗೋಡೆ ಕಂಡೇಬಿಟ್ಟಿರುತ್ತದಲ್ಲ.

ಮೂವತ್ತು ಮಿಲಿಸೆಕೆಂಡು.
"ಇದು ಟ್ರಾಮ್ ಡಿಪೋ."
ಹದಿನೆಂಟು.
"ಶಾಲೆ. ಬೆತ್ತದ ವಾಸನೆ."
ಒಂಬತ್ತು.
"ಬಂತು, ಬಂತು. ಬಲಗಡೆ ಇನ್ನೂ ಒಳಕ್ಕೆ, ಅಲ್ಲಿ ಬೀರು.
ನೆಲ ಹಲಗೆಯದು, ಕಲ್ಲಲ್ಲ."
ಮೊನಚು ತುಸು ಮಾಸಿಸಿದೆ.
"ಚಾವಣಿ ತಗ್ಗು. ನಾನು ಎದ್ದು ನಿಂತರೆ ಟೋಪಿ ತಾಗಬೇಕು."

ಗುಂಡಿ ಸಣ್ಣದು. ಬೆರಳ ತುದಿಗೆ ಸಾಕು.
ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಗೇಣು,
ಗೇಣು ಗೇಣಾಗಿ ಮನೆ ಕಿರಿದಾಗುತ್ತ ಬಂತು.
ಇಟ್ಟಿಗೆಯಿಲ್ಲ, ಸುಣ್ಣವಿಲ್ಲ, ತೂಗುಗುಂಡಿಲ್ಲ.
ಮೇಸ್ತ್ರಿ ಕುರುಡ,
ಕೂಲಿಯವಳು ನಾನು.

"ಎಡಗಡೆಯದು ತಪ್ಪು" ಅಂದ, ಎರಡನೇ ಕಾಫಿಯ ಹೊತ್ತಿಗೆ.
ಹತ್ತಿರ ತಂದೆ. "ಅಲ್ಲ." ದೂರ ಒಯ್ದೆ. "ಅಲ್ಲ.
ಮೊದಲಿದ್ದ ಜಾಗವೇ ಸರಿ. ಮೆತ್ತಗಾಗಬೇಕು."
ಮೂರು ಸಾವಿರದ ಮೇಲಿನ ಹೊಳಪೆಲ್ಲ ಕತ್ತರಿಸಿದೆ.
ಪರದೆಯೇ?
"ಪರದೆಯಲ್ಲ. ಉಣ್ಣೆಯ ಕೋಟು."
ಮೊಳೆಗೆ ತೂಗುಹಾಕಿದ್ದೇ?
ಉತ್ತರವಿಲ್ಲ. ಮೊಣಕಾಲ ಮೇಲೆ ಅವನ ಬೆರಳು
ಯಾವುದೋ ಸ್ವರದ ಮನೆ ತಡಕುತ್ತಿತ್ತು.

ಇನ್ನೂ ಎರಡು ಡೆಸಿಬಲ್ ಇಳಿಸಿದೆ, ಸುಮ್ಮನೆ ಊಹೆಯ ಮೇಲೆ.
"ಅಯ್ಯೋ, ಒಂದು ವಾಪಸ್ ಕೊಡು" ಅಂದ,
"ಅವಳು ಅಷ್ಟು ದಪ್ಪ ಇರಲಿಲ್ಲ."

ಒಂದು ವಾಪಸ್ ಕೊಟ್ಟೆ.

ಪೋಲ್ಕಾ ಮತ್ತೆ ಮೊದಲಿನಿಂದ.
ಹೀಟರಿನ ತಗಡು ಆಗಾಗ ಟಿಣ್ ಎನ್ನುತ್ತಿತ್ತು.
ಜೆನೋನ್ ತಲೆಯನ್ನು ಎಡಕ್ಕೆ ವಾಲಿಸಿ ಕೂತಿದ್ದ,
ಸಭೆಯಲ್ಲಿ ಪಕ್ಕದವರ ಪಿಸುಮಾತಿಗೆ ವಾಲುವಷ್ಟೇ.
ಕೊನೆಯ ಸ್ವರ ನಿಂತಿತು, ಥಟ್ಟನೆ, ಬಾಲವಿಲ್ಲದೆ.
ಯಾರೋ ಉಸಿರು ಬಿಗಿಹಿಡಿದಿದ್ದರು.
ನಾನೇ ಇರಬೇಕು.

ಹೆಸರು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ನೋಟುಗಳನ್ನು ಬೆರಳಲ್ಲಿ ಅಳೆದು ಎಣಿಸಿ ಕೊಟ್ಟು,
ಲೊಚ್ ಲೊಚ್ ಎನ್ನುತ್ತ ಇಳಿದುಹೋದ.
ಪೆಟ್ಟಿಗೆ ಮಾತ್ರ ಕೇಳಿತು: ಉಳಿಸಬೇಕೆ? ಹೆಸರೇನು?
ಎಂಟು ಅಕ್ಷರ ಮೀರಬಾರದು.
ನಲವತ್ತೇಳನೇ ಖಾನೆಯಲ್ಲಿ, ಹೆಸರು ಖಾಲಿ ಬಿಟ್ಟು, ಉಳಿಸಿದೆ.

ಆಮೇಲೆ ಅದೇ ಖಾನೆಯಲ್ಲಿ
ಸೋಪಿನ ಪುಡಿಯ ಜಾಹೀರಾತು ಮಾಡಿದ್ದೇನೆ,
ಹಲ್ಲುನೋವಿನ ಮಾತ್ರೆಯದೂ, ಒಂದು ಬ್ಯಾಂಕಿನದೂ.
ಗಿರಾಕಿಗಳಿಗೆ ಖುಷಿ: ದನಿ ಈಗ
ಯಾರಿಗೋ ಹೇಳುವ ಹಾಗಿದೆಯಂತೆ.
ಎಡಗಡೆ ಕೂತವಳು ಎಲ್ಲ ಕೇಳಿಸಿಕೊಳ್ಳುತ್ತಾಳೆ,
ಬಡ್ಡಿಯ ದರವನ್ನು ಕೂಡ.
ಕೋಟು ಬಿಚ್ಚಿಲ್ಲ ಇನ್ನೂ.