ಎಂಟು ಸುತ್ತು ಕಡಿಮಿ

ಉದ್ಯಮಬಾಗದ ನನ್ನ ವೈಂಡಿಂಗ್ ಅಂಗಡಿಗೆ
ಕೊರಿಯರ್ ಹುಡುಗ ತಂದು ಇಟ್ಟಾನ
ಚೌಕ ಪೆಟ್ಟಿಗಿ, ತೆಳ್ಳಗ, ರೊಟ್ಟಿ ಹಂಚಿನಷ್ಟ ಅಗಲ.
ಸಹಿ ಮಾಡೂವಾಗ ಬೆರಳ ತುಂಬ ವಾರ್ನಿಶು.

ಥರ್ಡ್ ಗೇಟ್. ಹೌದು, ಅದ ಟಿಳಕವಾಡಿ ರೈಲ್ವೆ ಗೇಟು,
ಅಲ್ಲಿ ನಿಂತ ನಿಂತ ಬೇಸರಾಗಿ
ನಾಕು ಹುಡುಗರು ಇಟಗೊಂಡ ಹೆಸರು.
ಎಂಬತ್ತೇಳರಾಗ ಒಂದ ಪ್ಲೇಟು ಮಾಡಿದ್ರು.
ಮುನ್ನೂರು ಪ್ರತಿ, ಹೋದದ್ದು ನಲವತ್ತೊಂದು.
ಉಳಿದ ರಟ್ಟಿನ ಕವರು ತೂಕಕ್ಕ ಹಾಕಿ
ಶಹಾಪುರದ ಸೀರಿ ವ್ಯಾಪಾರಿ ಒಯ್ದ.
ಆ ವರ್ಷ ಯಾವ ಮದುಮಗಳು
ವಡಗಾವಿ ಸೀರಿಯ ಮಡಿಕಿ ಬಿಚ್ಚಿದಳೋ,
ಒಳಗ ಆಗ್ನೆಲ್ ಪಿಂಟೋನ ಮಾರಿ,
ಹೆಗಲತನಕ ಕೂದಲಾ,
ಬಾಯಿ ತೆರದು ಒದರಾಕತ್ತಿದ್ದ.

ಈಗ ಎಲ್ಲೋ ಜರ್ಮನಿಯೊಳಗ ಯಾರಿಗೋ ಅದು ಸಿಕ್ಕು
ತೊಳದು, ಒರಸಿ, ಮತ್ತ ಒತ್ಯಾರ.
ಬೆಲಿ ಎರಡ ಸಾವಿರದ ಎಂಟನೂರು.
ನಮ್ಮಪ್ಪ ಇವರಿಗೆ ಇಡೀ ಆಂಪ್ಲಿಫಾಯರ್ ಕಟ್ಟಿಕೊಟ್ಟದ್ದು
ಆರನೂರಾ ಐವತ್ತಕ್ಕ,
ಅದರಾಗೂ ನೂರಾ ಐವತ್ತು ಬರಬೇಕು ಇನ್ನೂ.

ಖಡೇ ಬಜಾರ, ಮೆಟ್ಟಲಾ ಕೆಳಗಿನ ಅಂಗಡಿ,
ಹಂಚಿನಮನಿ ರೇಡಿಯೋಸ್. ಅಪ್ಪ ವಾಲ್ವು ಹಚ್ಚತಿದ್ದ,
ಟ್ರಾನ್ಸ್‌ಫಾರ್ಮರ್ ಸುತ್ತೂದು ನನ್ನ ಪಾಲಿನ ಕೆಲಸ.
ಹದಿನಾರು ವಯಸ್ಸು, ಪಿಯುಸಿ ಫೇಲು, ಬೆರಳು ಚುರುಕು.
ನಟ್ಟನಡಕ ಒಂದು ಟ್ಯಾಪು; ಎರಡೂ ಕಡೆ ಸಮ ಇರಬೇಕು,
ತಕ್ಕಡಿ ಇದ್ದಂಗ: ಏಳನೂರಾ ಇಪ್ಪತ್ತು ಇತ್ಲಾಗ,
ಏಳನೂರಾ ಇಪ್ಪತ್ತು ಅತ್ಲಾಗ.
ಏಳನೂರಾ ಹನ್ನೆರಡು ಆಗಿತ್ತು,
ಆಗ್ನೆಲ್ ಬಂದ. ಸ್ಟೂಲಿನ ಮ್ಯಾಲ ಕುಂತು
ವಾಯರ್ ಹಚ್ಚದ ಗಿಟಾರಿನ ಮ್ಯಾಲ
ಒಂದ ಸಾಲು ಬಾರಿಸಿದ, ಮತ್ತ ಅದನ್ನ, ಮತ್ತ ಅದನ್ನ,
ಗೂಡ್ಸ್ ಗಾಡಿ ಗೇಟು ದಾಟೂವಾಗ
ಡಬ್ಬಿಗೆ ಡಬ್ಬಿ ಬಡದಂಗ.
ನಾ ನೋಡಿದೆ. ಕೈ ನಿಂತಿತು.
'ಇಪ್ಪತ್ತು' ಅಂದೆ ಜೋರಾಗಿ, ಟೇಪು ಸುತ್ತಿಬಿಟ್ಟೆ.

ಪ್ರೀತಿ ಅಂತೇನಿಲ್ಲ, ಹಂಗ ತಿಳೀಬ್ಯಾಡ್ರಿ.
ಅವಗ ನನ್ನ ಹೆಸರೂ ಗೊತ್ತಿರಲಿಲ್ಲ.
ಆದ್ರ ಆ ಪ್ಲೇಟಿನ ತುಂಬ, ಹಾಡಿನ ಬುಡದಾಗ
ಒಂದು ಗುಂಯ್ ಇತ್ತು,
ಗ್ವಾಡಿ ಆಚೆ ಎಲ್ಲೋ ಜೇನು ಕಟ್ಟಿದಂಗ.
ಕೇಳಿದವರು ಕೆಟ್ಟ ರಿಕಾರ್ಡಿಂಗ್ ಅಂದ್ರು.
ಅಪ್ಪ ಮೂರು ಸಲ ಬಿಚ್ಚಿ ಕೂಡಿಸಿದ,
ಅರ್ಥಿಂಗ್ ನೋಡಿದ, ಕಂಡೆನ್ಸರ್ ಬದಲಿಸಿದ,
ಕಡೀಕ ಕ್ಯಾಂಪಿನ ಚರ್ಚ್ ಹಾಲಿನ ಕರೆಂಟಿಗೆ ಬೈದ.
ನಾ ಬಾಯಿ ಬಿಡಲಿಲ್ಲ.
ಅಪ್ಪ ಸತ್ತು ಹತ್ತೊಂಬತ್ತು ವರ್ಷ.

ಸರ್ಜೇರಾವ ಮುತಗೇಕರನ ಮನಿಯಿಂದ ಪ್ಲೇಯರ್ ತರಿಸಿದೆ.
ಡ್ರಮ್ಮು ಬಿಟ್ಟು ಈಗ ಅಂವ ಪ್ಲಂಬಿಂಗ್ ಸಾಮಾನ ಮಾರತಾನ.
'ಕೇಳಾಕ ನಾ ಬರಂಗಿಲ್ಲ, ನೀವ ಕೇಳ್ರಿ' ಅಂದ.
ಸೂಜಿ ಇಟ್ಟೆ.
ಏನ್ ಸ್ವಚ್ಛ! ತಂತಿ ತಂತಿ ಬ್ಯಾರೆ ಬ್ಯಾರೆ,
ನಾಝರನ ಬೇಸು ಎದಿ ಮ್ಯಾಲ ಕಾಲಿಟ್ಟು ನಡದಂಗ.
ಇಷ್ಟು ಚಲೋ ಇದ್ರೇನು ಇವರು, ಆಗ?
ಗುಂಯ್ ಮಾತ್ರ ಇಲ್ಲ.
ಕಂಪ್ಯೂಟರಿಗೆ ಹಾಕಿ ಆರಿಸಿ ತಗದಾರ,
ಅಕ್ಕಿಯೊಳಗಿನ ಹಳ್ಳಿನಂಗ.
ಸಂಗಡ ಬಂದ ಪುಸ್ತಕದಾಗ ಆಭಾರ ಹೇಳ್ಯಾರ ಎಲ್ಲಾರಿಗೂ,
ಚರ್ಚಿನ ಕಸ ಹೊಡಿಯಾಕಿಗೂ.
ಹಂಚಿನಮನಿ ಇಲ್ಲ.

ಎರಡನೇ ಮಗ್ಗಲಾ, ಮೂರನೇ ಹಾಡು.
ಸರ್ಜೇರಾವ ಕೋಲಿಗೆ ಕೋಲು ಬಡಿಯೂಕಿಂತ ಮೊದಲ
ಒಂದು ಉಸಿರಿನಷ್ಟು ಖಾಲಿ ಜಾಗಾ.
ಅಲ್ಲಿ ಐತಿ.
ಮರತಾರೋ, ಬೇಕಂತ ಬಿಟ್ಟಾರೋ,
ಐವತ್ತು ಹರ್ಟ್ಸಿನ ನನ್ನ ಸುಳ್ಳು.
ಸೂಜಿ ಎತ್ತಿ ಎತ್ತಿ ಅಷ್ಟ ಕೇಳಿದೆ,
ಒಂಬತ್ತು ಸಲ, ಇಲ್ಲಾ ಹತ್ತು.

ಮೂಲ್ಯಾಗ ಹತ್ತು ಎಚ್‌ಪಿ ಮೋಟಾರಿನ ಮುಂದ ಕುಂತ
ಮಲಿಕರೆಹಾನ ಕೈ ನಿಂದರಿಸಿ ಕೇಳತಾನ:
'ಅಕ್ಕಾರ, ಇದೇನ್ ಹಾಡ್ರೀ ಇದು?
ಎಷ್ಟಾತಂತ ಮರತಹೋತು ನೋಡ್ರಿ.
ಅಂದಾಜ ಮೂವತ್ತೆಂಟು ಹಿಡೀಲೇನು?'

'ಬಿಚ್ಚು' ಅಂದೆ. 'ಒಂದರಿಂದ ಎಣಸು.'